ಗಾಜಿನ ಬೀರುವಿನ ಪ್ಯಾರಾಚೂಟ್

ಶಿಡ್ಲಘಟ್ಟದಲ್ಲಿ ನಾನು ರೇಷ್ಮೆ ನೂಲು ತೆಗೆಯುವವನು. ಬಾಡಿಗೆ ಶೆಡ್ಡಿನಲ್ಲಿ ಶುರು ಮಾಡಿ ಸ್ವಂತದ್ದು ಕಟ್ಟಿಕೊಂಡಿದ್ದೇನೆ. ಈ ಕಸುಬಿಗೆ ಬರುವವರಿಗೆ ಹೇಳುವುದಿಷ್ಟೇ: ಮಾರುವವನ ಮಾತು ಕೇಳಿ, ಆದರೆ ಎಳೆ ನೋಡದೆ ಬೆಲೆ ಹೇಳಬೇಡಿ.

ಹೋದ ವರ್ಷ ಚಿಕ್ಕಬಳ್ಳಾಪುರದ ಹತ್ತಿರ ತೆರೆದ ಸೇನಾ ಮ್ಯೂಸಿಯಂಗೆ ಹೋಗಿದ್ದೆ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತನಾದ ನನ್ನ ಬಾಮೈದ, ನಗರಗೆರೆಯವನು, ಅಲ್ಲಿ ಗೈಡು. ಮೂರು ತಿಂಗಳ ಪರೀಕ್ಷೆಗೆ ಇಟ್ಟುಕೊಂಡಿದ್ದರು. ಕಾಯಂ ಮಾಡುವುದೋ ಬಿಡುವುದೋ ಆ ವಾರವೇ ತೀರ್ಮಾನ.

ಫಿರಂಗಿ, ವೈರ್‌ಲೆಸ್ ಪೆಟ್ಟಿಗೆ ಎಲ್ಲ ತೋರಿಸಿ, ಪ್ಯಾರಾಚೂಟ್ ಮಡಿಸಿಟ್ಟ ಗಾಜಿನ ಬೀರುವಿನ ಮುಂದೆ ನಿಂತ. ಸುತ್ತ ಚಿಂತಾಮಣಿಯ ಶಾಲೆಯೊಂದರ ಮಕ್ಕಳು.

"ಇದು ಅಪ್ಪಟ ರೇಷ್ಮೆ. ಬೇಕಾದ್ರೆ ನಮ್ಮ ಭಾವನ್ನ ಕೇಳಿ, ಅವರ ಕಸುಬೇ ಅದು."

ಬೀರುವಿಗೆ ಅಂಟಿಸಿದ್ದ ಚೀಟಿಯಲ್ಲೂ ರೇಷ್ಮೆ ಎಂದೇ ಇತ್ತು. ನಾನು ಬಗ್ಗಿ ನೋಡಿದೆ. ರೇಷ್ಮೆ ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಇದು ಒಂದೇ ಸಮ. ನೈಲಾನ್.

"ಗಾಜಿನ ಆಚೆ ಇರೋ ಮಾಲಿಗೆ ನಾನು ಮಾತು ಕೊಡಲ್ಲ ಕಣ್ರಪ್ಪ," ಎಂದು ಜಾರಿಕೊಂಡೆ.

ಮಕ್ಕಳು ಮುಂದೆ ಹೋದ ಮೇಲೆ ಬಾಮೈದ ಹಿಡಿದುಕೊಂಡ. "ಯಾಕ್ ಭಾವ, ಮುಖ ಹಂಗ್ ಮಾಡಿದ್ರಿ?"

ಬೀರು ತೆಗೆಸಿ, ತಳದಲ್ಲಿ ಉದುರಿದ್ದ ಎಳೆಯೊಂದನ್ನು ಹೊರಗೆ ತಂದು ಕಡ್ಡಿ ಗೀರಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಕೈಗೆ ಬೂದಿ. ಇದು ಕರಗಿ ಗಟ್ಟಿ ಮಣಿಯಾಯಿತು.

"ಚೀಟಿ ಬರೆದೋರು ಯಾರು?"

"ನಾನೇ. ಮುಟ್ಟಿದ್ರೆ ನುಣ್ಣಗಿತ್ತು, ಬರೆದೆ."

"ನಿಮ್ಮಕ್ಕನ ಸೀರೆ ನೋಡಿಯಾದ್ರೂ ಕಲೀಬಾರ್ದಾ? ಹೋಗ್ಲಿ, ಈ ವಾರ ಬಾಯಿ ಮುಚ್ಕೊಂಡಿರು. ಕಾಯಂ ಆರ್ಡರ್ ಕೈಗೆ ಬಂದ್ಮೇಲೆ ಚೀಟಿ ಬದಲಾಯ್ಸು."

"ಆ ಮಕ್ಕಳು ಪುಸ್ತಕದಲ್ಲಿ ಬರ್ಕೊಂಡ್ರಲ್ಲ ಭಾವ," ಎಂದವನೇ ಮೇಲಧಿಕಾರಿಯ ಕೋಣೆಗೆ ಹೋದ.

ಸ್ವಲ್ಪ ಹೊತ್ತಿಗೆ ಬಂದ. "ಬೈದ್ರು. ಕೆಲಸದ ವಿಚಾರ ಶುಕ್ರವಾರ ಅಂದ್ರು. ಬಸ್ ಹೊರಡೋದ್ರೊಳಗೆ ಮಕ್ಕಳಿಗೆ ಹೇಳ್ಬೇಕಂತೆ."

ಅವನ ಹಿಂದೆ ನಾನೂ ಬಸ್ ಹತ್ತಿದೆ. ಅವನು ಬಾಯಿ ತೆರೆಯುವ ಮೊದಲೇ, "ಮಕ್ಕಳೇ, ಅದು ನೈಲಾನ್. ಗೊತ್ತಿದ್ದೂ ನಾನು ಆಗ ಹೇಳ್ಲಿಲ್ಲ," ಎಂದೆ.

"ಹಂಗಾದ್ರೆ ಹೊಡೆದುಹಾಕ್ಲಾ ಅಂಕಲ್?" ಎಂದು ಒಂದು ಹುಡುಗಿ ಪೆನ್ನು ತೆಗೆದಳು.

"ಹೊಡೆದುಹಾಕಮ್ಮ."

ಶುಕ್ರವಾರ ಅವನನ್ನು ಕಾಯಂ ಮಾಡಲಿಲ್ಲ, ತೆಗೆಯಲೂ ಇಲ್ಲ. ಇನ್ನೂ ಮೂರು ತಿಂಗಳು ನೋಡೋಣ ಎಂದರಂತೆ. ನಾನಾಗಿದ್ದರೆ ಚೌಕಾಸಿ ಮಾಡಿ ಒಂದು ತಿಂಗಳಿಗಾದರೂ ಇಳಿಸುತ್ತಿದ್ದೆ. ಅವನು ಆಗಲಿ ಸಾರ್ ಎಂದು ಸಹಿ ಹಾಕಿ ಬಂದಿದ್ದ.