ಉಳಿದ ಮಣ್ಣು

ನಮ್ಮ ಬೀದರಿನ ಓಣಿಯಲ್ಲಿ ಬಿದರಿ ಕೆಲಸ ಮಾಡುವವರೊಬ್ಬರಿದ್ದರು. ನಾವೆಲ್ಲ ಚಾಚಾ ಅಂತಿದ್ದೆವು. ಬೆಳ್ಳಿ ಕೂರಿಸಿದ ಸತುವಿನ ಹೂಜಿಗೆ ಕಪ್ಪು ಬರಿಸುವುದು ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಹಳೇ ಮಣ್ಣು. ಚಾಚಾ ಅದನ್ನು ಒಂದು ಚಿಟಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ರುಚಿ ನೋಡಿಯೇ ಆರಿಸುತ್ತಿದ್ದರು. "ನಾಲಿಗಿ ಒಪ್ಪಬೇಕ್ರಿ" ಅನ್ನೋರು. ಮಗಳಿಗೆ ಗಂಡು ನೋಡಿ ಬಂದಾಗಲೂ ಅದೇ ಮಾತು ಹೇಳಿದ್ದರು.

ಒಮ್ಮೆ ಕೋಸ್ಟರಿಕಾದ ಕರಕುಶಲ ಮೇಳಕ್ಕೆ ಅವರನ್ನು ಕರೆಸಿಕೊಂಡರು. ಮೇಳ ಮುಗಿದ ಮೇಲೆ ಸಮುದ್ರದಂಡೆಯ ಸಣ್ಣ ಊರೊಂದರಲ್ಲಿ ನಾಲ್ಕು ದಿನ ಆರಾಮಾಗಿರಲು ಬಿಟ್ಟರಂತೆ. ಅಲ್ಲಿನ ಉಸುಕು ಕಪ್ಪು. ಉಳಿದವರು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದರೆ ಇವರು ಕೂತು ಉಸುಕು ನೆಕ್ಕಿದರಂತೆ.

ವಾಪಸ್ ಬಂದ ದಿನ ಸ್ಟೇಷನ್ನಿಗೆ ನಾನೇ ಸ್ಕೂಟರ್ ಒಯ್ದಿದ್ದೆ.

"ಸಮುದ್ರ ಹ್ಯಾಂಗಿತ್ರಿ ಚಾಚಾ?"

"ಭಾಳ ಆರಾಮ್ ಇತ್ರಿ. ಹಗ್ಗದ ಜೋಲಿಯೊಳಗ ಮಲಗೋದು, ಎಳನೀರು ಕುಡಿಯೋದು. ಮಣ್ಣು ಮಾತ್ರ ಬರೇ ಉಪ್ಪು. ಬಣ್ಣ ಅದ, ಕಸುವಿಲ್ಲ. ಮನಿಗೆ ಆಮ್ಯಾಲ ಹೋಗೂಣು, ಮೊದಲ ಕಿಲ್ಲಾಕ್ಕ ನಡೀರಿ."

ಕೋಟೆಯಲ್ಲಿ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದರು. ಮೇಳದಲ್ಲಿ ಕೆಲಸ ಮಾಡಿ ತೋರಿಸಲು ಒಯ್ದ ಮಣ್ಣಿನಲ್ಲಿ ಒಂದಿಷ್ಟು ಉಳಿದಿತ್ತು.

"ಅಲ್ಲೇ ಚೆಲ್ಲಿ ಬರಬೇಕಿತ್ತಲ್ರಿ?" ಅಂದೆ.

ಚಾಚಾ ಮೊದಲು ಅಗೆದು ತೆಗೆದಿದ್ದ ಜಾಗಕ್ಕೇ ಅದನ್ನು ಸುರಿಯಲು ಬಗ್ಗಿದವರು ತಡೆದು, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಕೆಟ್ಟಿಲ್ರಿ" ಅಂದು ಸುರಿದರು.