ಭಜನೆಯಲ್ಲಿ ನಮ್ಮ ಮನೆಯವರ ಅಳು

ಚಹಾ ಬಾಯಿಯೊಳಗೆ ಹೋಗುತ್ತಿರಲಿಲ್ಲ. ಬಶಿಯಿಂದ ಕುಡಿಯುತ್ತಿದ್ದ ನಮ್ಮ ಮನೆಯವರ ತುಟಿಯ ಬಲಗಡೆಯಿಂದ ಸೋರಿ ಅಂಗಿಯ ಮೇಲೆ ಇಳಿಯುತ್ತಿತ್ತು. ಅವರಿಗೆ ಅದರ ಖಬರೇ ಇರಲಿಲ್ಲ. ಹಿಟ್ಟಿನ ಗಿರಣಿ ತೆರೆಯುವ ಅವಸರ ಎಂದುಕೊಂಡು ನಾನು, "ಏನ್ರಿ ಇದು, ಸಣ್ಣ ಹುಡುಗರಂಗ! ಈಗರೆ ಒಗದ ಅಂಗಿ ಹಾಕ್ಕೊಂಡೀರಿ" ಎಂದು ಗದರಿಸಿದೆ. ಅವರು ನನ್ನ ಕಡೆ ನೋಡಿ ಏನೋ ಹೇಳಲು ಹೋದರು. ಮಾತು ಬರಲಿಲ್ಲ. ಬಶಿ ಕೈಯಿಂದ ಜಾರಿತು.

ಆಮೇಲೆ ಅವರೂ ಬಿದ್ದರು.

ಪಕ್ಕದ ಮನೆಯ ಮಹಿಬೂಬ್ ತನ್ನ ಟಂಟಂ ಗಾಡಿ ತಂದು ನಿಲ್ಲಿಸಿದ. ಅವನೂ ನನ್ನ ಮಗ ಬಸವರಾಜನೂ ಅವರನ್ನು ಎತ್ತಿ ಮಲಗಿಸಿದರು. ಯಡ್ರಾಮಿಯ ಡಾಕ್ಟರು ಕೈ ಹಚ್ಚಿ ನೋಡಿದವರೇ ಕಲಬುರಗಿಗೆ ಒಯ್ಯಿರಿ ಎಂದರು. ಅಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದ ರಕ್ತನಾಳ ಬಂದ್ ಆಗಿದೆ, ಸ್ಟ್ರೋಕ್ ಎಂದರು. ನಮ್ಮ ಕಡೆ ಲಕ್ವಾ ಅನ್ನುತ್ತೇವೆ. ಐಸಿಯು ಬಾಗಿಲ ಹೊರಗೆ ಸೆರಗು ಹಾಸಿಕೊಂಡು ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಯಾವ ದಿನ ಯಾವುದು ಎಂದು ನನಗೆ ಈಗ ನೆನಪಿಲ್ಲ.

ಮನೆಗೆ ಕರೆತಂದಾಗ ಅವರ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಾಯಲ್ಲಿ ಒಂದೇ ಮಾತು ಉಳಿದಿತ್ತು. "ಹೂಂ." ಹಸಿವಾದರೂ ಹೂಂ, ಸಿಟ್ಟು ಬಂದರೂ ಹೂಂ.

ನನ್ನ ದಿನ ಹೇಗಿರುತ್ತಿತ್ತು ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೂ ಬೇಸರ. ಹೊರಳಿಸುವುದು, ಒರೆಸುವುದು, ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಕಾಲು ಎತ್ತಿ ಇಳಿಸುವುದು. ಅನ್ನವನ್ನು ಗಂಜಿಯಂತೆ ಕಿವುಚಿ, ಗಂಟಲಿಗೆ ಸಿಕ್ಕದ ಹಾಗೆ ಚಮಚದಿಂದ ತಿನ್ನಿಸುವುದು. ನನ್ನ ಸೊಂಟ ಮುರಿದು ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು. ನಾನು ಉಣಿಸುವ, ತೊಳೆಯುವ ಈ ಮೈಯೊಳಗೆ ನನ್ನ ಗಂಡ ಇದ್ದಾರೋ ಇಲ್ಲವೋ? ಕಣ್ಣು ತೆರೆದಿರುತ್ತಿತ್ತು, ಆದರೆ ಅದರ ಹಿಂದೆ ಯಾರಾದರೂ ಕೂತು ನನ್ನನ್ನು ನೋಡುತ್ತಿದ್ದಾರೆ ಅನ್ನಿಸುತ್ತಿರಲಿಲ್ಲ.

ನಮ್ಮೂರಲ್ಲಿ ಹೆಂಗಸರ ಭಜನಾ ಮಂಡಳಿ ಇದೆ. ಸೋಮವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಿರಿಯಳಾದ ಗುರುಬಾಯಕ್ಕ ಹಾರ್ಮೋನಿಯಂ ಪೇಟಿ ಹಿಡಿದು ಒಂದು ಸಾಲು ಹೇಳುತ್ತಾಳೆ, ಉಳಿದವರೆಲ್ಲ ಅದನ್ನು ಎತ್ತಿಕೊಳ್ಳುತ್ತೇವೆ. ಲಕ್ವಾ ಆದ ಮನೆಯಲ್ಲಿ ದೇವರ ನಾಮ ಕೇಳಿಸಲಿ ಎಂದು ಅವರೆಲ್ಲ ನಮ್ಮ ಮನೆಗೇ ಬಂದರು. ಇವರನ್ನು ದಿಂಬಿಗೆ ಒರಗಿಸಿ ಪಡಸಾಲೆಯಲ್ಲಿ ಕೂರಿಸಿದೆವು. ಗುರುಬಾಯಕ್ಕ ಸಾಲು ಹೇಳಿದಾಗ ಇವರು ಸುಮ್ಮನೆ ಇದ್ದರು. ಎಲ್ಲರ ದನಿ ಒಟ್ಟಿಗೆ ಎದ್ದು ಪಲ್ಲವಿ ಹಿಡಿಯಿತೋ ಇಲ್ಲವೋ, ಇವರ ಮುಖ ಕಿವುಚಿತು.

ಅತ್ತರು.

ತಮ್ಮ ತಾಯಿಯ ಮಣ್ಣಿನ ದಿನವೂ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ಸುಳ್ಳು ಯಾಕೆ ಹೇಳಲಿ, ನನ್ನ ಜೀವ ಒಮ್ಮೆಗೆ ಹಗುರವಾಯಿತು. ಒಳಗೆ ಇದ್ದಾರೆ, ಹಾಡು ಕೇಳಿಸಿದೆ, ಮನಸ್ಸು ಕರಗಿದೆ ಎಂದುಕೊಂಡೆ.

"ಎಂಥಾ ಪುಣ್ಯವಂತಿ ಬೇ ನೀ! ನಿನ್ನ ಗಂಡಗ ಭಕ್ತಿ ಒಲದು ಬಂದದ" ಎಂದಳು ಗುರುಬಾಯಕ್ಕ.

ನಮ್ಮ ಮಂಡಳಿಯ ಒಂದು ಪದ್ಧತಿ ಹೇಳಬೇಕು. ಕೇಳುವವರು ಯಾರಾದರೂ ಕಣ್ಣೀರು ಹಾಕಿದರೆ ಹಾಡು ಮುಗಿಸುವುದಿಲ್ಲ. ಅವರ ಹಣೆಗೆ ವಿಭೂತಿ ಹಚ್ಚಿ, ಅದೇ ಪಲ್ಲವಿಯನ್ನು ಪ್ರತಿ ಸಲವೂ ಇನ್ನಷ್ಟು ಏರಿಸಿ ಹಾಡುತ್ತಾರೆ. ಅಳು ತಾನಾಗಿ ನಿಲ್ಲುವವರೆಗೆ ಹಾಡು ನಿಲ್ಲಬಾರದು, ನಡುವೆ ಬಿಟ್ಟರೆ ಬಂದ ಭಕ್ತಿ ಬಾಗಿಲಿಂದ ತಿರುಗಿ ಹೋಗುತ್ತದೆ ಎಂಬ ನಂಬಿಕೆ. ಗಟ್ಟಿಮುಟ್ಟಾದವರಿಗೆ ಇದು ಒಳ್ಳೆಯದೇ. ನಾನೂ ಹಾಗೆ ಅತ್ತಿದ್ದೇನೆ. ಎದೆಯಲ್ಲಿದ್ದದ್ದೆಲ್ಲ ಹೊರಗೆ ಬಂದು, ಮೂಗು ಒರೆಸಿಕೊಂಡು, ಚಹಾ ಕುಡಿದು ಮನೆಗೆ ಹೋದರೆ ಒಳ್ಳೆ ನಿದ್ದೆ ಬರುತ್ತದೆ. ಆದರೆ ಇವರ ಅಳು ಹಾಡು ನಿಲ್ಲುವವರೆಗೆ ನಿಲ್ಲುತ್ತಿರಲಿಲ್ಲ. ಇವರ ಅಳು ನಿಲ್ಲುವವರೆಗೆ ಮಂಡಳಿಯವರು ಹಾಡು ನಿಲ್ಲಿಸುತ್ತಿರಲಿಲ್ಲ. ಮೊದಲ ದಿನ ಹಾಡುವವರ ಗಂಟಲೇ ಸೋತು ಅದು ಮುಗಿಯಿತು.

ಸುದ್ದಿ ಊರಿನಲ್ಲಿ ನಿಲ್ಲಲಿಲ್ಲ. ಇಜೇರಿಯಿಂದಲೂ ಜನ ಬಂದರು. ಗಿರಣಿಯಲ್ಲಿ ಹಿಟ್ಟು ಸಣ್ಣಗೆ ಬೀಸಿಲ್ಲ ಎಂದು ಇವರೊಡನೆ ಜಗಳವಾಡಿದ್ದ ಹೆಂಗಸರೇ ಬಂದು ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಒಬ್ಬಳು ಹಸುಗೂಸನ್ನು ತಂದು ಇವರ ಸ್ವಾಧೀನವಿಲ್ಲದ ಕೈಯನ್ನು ತಾನೇ ಎತ್ತಿ ಅದರ ತಲೆಯ ಮೇಲಿಟ್ಟಳು. ನಾನು ಬಂದವರಿಗೆಲ್ಲ ಚಹಾ ಕಾಯಿಸಿದೆ. ಕಾಯಿಸಿ ಕಾಯಿಸಿ ಸಾಕಾಗಿ ಹೋಯಿತು. ರೋಗಿ ಒಬ್ಬರು, ಉಪಚಾರ ಊರಿಗೆಲ್ಲ!

ಒಂದು ಸೋಮವಾರ ಪಲ್ಲವಿ ಏರುತ್ತಾ ಹೋಯಿತು. ತಾಳ ಜೋರಾಯಿತು. ಇವರು ಅಳುತ್ತ ಅಳುತ್ತ ಉಸಿರು ಕಟ್ಟಿ ಕೆಮ್ಮತೊಡಗಿದರು. ಎಂಜಲು ಗಂಟಲಿಗೆ ಹೋಗಿ ಸಿಕ್ಕಿತ್ತು. ಮುಖ ಕಪ್ಪಾಯಿತು. ನಾನು "ನಿಲ್ಲಸ್ರಿ!" ಎಂದು ಕೂಗಿದೆ. ಅಷ್ಟು ದನಿಗಳ ನಡುವೆ ನನ್ನ ದನಿ ಯಾರಿಗೂ ಕೇಳಲಿಲ್ಲ. ಕೇಳಿದವರು ನನಗೂ ಭಕ್ತಿ ಬಂತು ಎಂದುಕೊಂಡರೋ ಏನೋ, ಇನ್ನೂ ಏರಿಸಿದರು. ಎದ್ದು ಹೋಗಿ ಗುರುಬಾಯಕ್ಕನ ಪೇಟಿಯ ಮೇಲೆ ಎರಡೂ ಕೈ ಊರಿದೆ. ಅದು ಕೀರಲು ದನಿ ಮಾಡಿ ಸುಮ್ಮನಾಯಿತು.

ಹಾಡು ನಿಂತಿತು. ಇವರ ಅಳುವೂ ನಿಂತಿತು. ಬೆನ್ನು ತಟ್ಟಿ, ಬಾಯಿ ಬಳಿದು ತೆಗೆದ ಮೇಲೆ ಉಸಿರು ಬಂತು.

ಮರುದಿನ ಮಹಿಬೂಬನ ಟಂಟಂನಲ್ಲಿ ಮತ್ತೆ ಕಲಬುರಗಿಗೆ. ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ.

"ಅಮ್ಮಾ, ಸ್ಟ್ರೋಕ್ ಆದವರಿಗೆ ಇದು ಬರ್ತದ್ರಿ. ಅಳು, ನಗು ತಡಿಯೋ ಶಕ್ತಿ ಮೆದುಳಿನ್ಯಾಗ ಕಮ್ಮಿ ಆಗಿರ್ತದ. ಸಣ್ಣ ಕಾರಣ ಸಾಕು, ದೊಡ್ಡ ಅಳು ಬರ್ತದ. ಹಾಡು, ಗದ್ದಲ, ಬಹಳ ಮಂದಿ ಒಮ್ಮೆಲೆ ಕೂಡೋದು, ಯಾವುದಾದ್ರೂ ಇರಬಹುದು."

"ಅಂದರ ಅವರಿಗೆ ದುಃಖ ಆಗಿ ಅಳಂಗಿಲ್ಲೇನ್ರಿ?"

"ಆಗಿರಬಹುದು, ಆಗದೆನೂ ಇರಬಹುದು. ಅದು ಅವರಿಗೇ ಗೊತ್ತು. ಒಂದು ಗುಳಿಗಿ ಬರದು ಕೊಡ್ತೇನಿ, ಅಳು ಕಡಿಮಿ ಆಗ್ತದ."

ಅಂದರೆ ಅದು ಭಕ್ತಿಯಲ್ಲ, ಬೇನೆ.

ಟಂಟಂ ಹತ್ತಿ ಊರಿಗೆ ತಿರುಗಿದೆವು. ಊರವರ ಮೇಲೆ ಸಿಟ್ಟು ಬಂದಿತ್ತು ನಿಜ. ಆದರೆ ನನ್ನ ಕೈಯಿಂದ ಏನೋ ಕಸಿದುಕೊಂಡಂತೆಯೂ ಆಗಿತ್ತು. ಆ ಅಳು ಒಂದೇ ಅಲ್ಲವೇ ಅವರು ಇದ್ದಾರೆಂದು ನನಗೆ ಹೇಳುತ್ತಿದ್ದದ್ದು? ಅದನ್ನೂ ಗುಳಿಗೆ ಕೊಟ್ಟು ನಿಲ್ಲಿಸಿದರೆ ಉಳಿಯುವುದೇನು? ಗೋಡೆಗೆ ಒರಗಿಸಿಟ್ಟ ಮೈ. ಗುಳಿಗೆಯ ಚೀಟಿಯನ್ನು ಬಸವರಾಜನ ಕೈಗೆ ಕೊಟ್ಟೆ, ಅವನು ತಂದುಕೊಟ್ಟ. ತಂದ ಗುಳಿಗೆ ಗೋಡೆಯ ಮಾಡಿನಲ್ಲಿಯೇ ಉಳಿಯಿತು.

ಗುರುಬಾಯಕ್ಕ ಬಂದಾಗ ವಿಷಯ ಹೇಳಿದೆ. ಅವಳು ಕೆನ್ನೆ ಬಡಿದುಕೊಂಡಳು. "ಭಕ್ತಿಗೆ ಗುಳಿಗಿ ಕೊಡ್ತೀ ಏನ್ ಬೇ? ಪಾಪ ಹತ್ತೀತು ನಿನಗ."

"ಪಾಪ ನನಗೇ ಹತ್ತಲಿ ಬಿಡಕ್ಕಾ. ಅವರ ಉಸಿರು ಕಟ್ಟಿದ್ದು ನೀನೂ ನೋಡಿದಿ."

"ನೋಡೀನಿ" ಎಂದಳು. ಅವಳ ಕಣ್ಣೂ ತುಂಬಿತು. ಅವಳು ಕೆಟ್ಟವಳಲ್ಲ. ಇಷ್ಟು ವರ್ಷ ಹಾಡಿದವಳಿಗೆ ತನ್ನ ಹಾಡಿಗೆ ಒಬ್ಬರು ಹಾಗೆ ಕರಗಿದ್ದು ದೊಡ್ಡ ಸಂಗತಿಯಾಗಿತ್ತು. ನನಗೂ ಆಗಿತ್ತಲ್ಲ.

ಅವಳು ಹೋದ ಮೇಲೆ ಇವರ ಹತ್ತಿರ ಕೂತೆ. ಯಾರೂ ಇವರನ್ನು ಒಂದು ಮಾತು ಕೇಳಿಲ್ಲ ಎಂದು ಆಗ ಹೊಳೆಯಿತು.

"ಹಾಡು ಕೇಳಿ ಸಂಕಟ ಆಗ್ತದೇನ್ರಿ?"

"ಹೂಂ" ಎಂದರು. ಆದರೆ ಎಡಗೈಯನ್ನು ಅತ್ತಿತ್ತ ಆಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ.

"ಮತ್ತ ಮಂದಿ ಬಂದು ಕಾಲು ಮುಟ್ಟತಾರಲ್ಲ, ಅದು?"

ಇದಕ್ಕೆ ಹೂಂ ಬರಲಿಲ್ಲ. ಎಡಗಾಲನ್ನು ಕೌದಿಯೊಳಗೆ ಎಳೆದುಕೊಂಡರು. ಬಲಗಾಲು ಬರಲಿಲ್ಲ. ಬಗ್ಗಿ, ಏದುಸಿರು ಬಿಡುತ್ತ, ಎಡಗೈಯಿಂದ ಅದನ್ನೂ ಹಿಡಿದು ಎಳೆದು ಮುಚ್ಚಿಕೊಂಡರು. ಎಷ್ಟು ನಾಚಿಕೆ ನುಂಗಿದ್ದರೋ ಈ ಮನುಷ್ಯ!

ಮಾಡಿನಿಂದ ಗುಳಿಗೆ ತಂದೆ. "ಕೊಡ್ಲೇನ್ರಿ?"

ಬಾಯಿ ತೆರೆದರು.

ಗುಳಿಗೆ ಮೈಗೆ ಹಿಡಿಯಲು ಕೆಲವು ದಿನ ಬೇಕಾಯಿತು. ಮೊದಲು ನಿದ್ದೆ, ಮಂಕು. ನಾನೇ ಕೆಡಿಸಿದೆನೇನೋ ಎಂದು ಹೆದರಿದೆ. ಬರಬರುತ್ತ ಅಳು ಕಡಿಮೆಯಾಯಿತು. ಬರುವ ಜನವೂ ಕಡಿಮೆಯಾದರು. ಮಂಡಳಿಯವರು ನಮ್ಮ ಮನೆ ಬಿಟ್ಟು ಬೇರೆ ಕಡೆ ಹಾಡಿದರು. ನಾನು ಹೋಗಲಿಲ್ಲ. ಹೋಗುವ ತ್ರಾಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಕೊನೆಗೆ ಗುರುಬಾಯಕ್ಕನೇ ಕೇಳಿದಳು. ನೆಗಡಿಯಿಂದ ಅವಳ ಗಂಟಲು ಕಟ್ಟಿತ್ತು. "ಈ ಸೋಮವಾರ ನಿಮ್ಮನ್ಯಾಗ ಕೂಡೋಣ. ನೀ ಮುಂದ ಹಾಡು. ಅವರಿಗೆ ತ್ರಾಸ ಆದರ ನಾನೇ ನಿಲ್ಲಸ್ತೇನಿ, ಆಣಿ." ಅವಳ ಬಾಯಿಂದ ನಿಲ್ಲಿಸುವ ಮಾತು ಬಂದ ಮೇಲೆ ಇಲ್ಲ ಅನ್ನಲು ಆಗಲಿಲ್ಲ. ಇವರನ್ನು ಕೇಳಿದೆ. ಹೂಂ ಎಂದರು.

ಹಾಡಿದೆ. ಅಭ್ಯಾಸ ತಪ್ಪಿದ ಗಂಟಲು ಒಡೆದು ಒಡೆದು ಬಂತು. ಎಲ್ಲರೂ ಪಲ್ಲವಿ ಎತ್ತಿಕೊಂಡರು. ಅಷ್ಟೂ ಕಣ್ಣುಗಳು ಇವರ ಮುಖದ ಮೇಲೆ. ಮುಖ ಕಿವುಚಲಿಲ್ಲ. ಕಣ್ಣು ಒಣಗೇ ಇತ್ತು. ಯಾರೋ ಹಿಂದೆ, "ಅಯ್ಯ, ಭಕ್ತಿ ಹೋಯ್ತ ನೋಡು" ಎಂದು ನಿಟ್ಟುಸಿರು ಬಿಟ್ಟರು. ಹಾಡು ಹಾಡಿನಂತೆ ಮುಗಿಯಿತು. ಎಲ್ಲ ಮುಗಿಯಿತು, ಇನ್ನು ಇಷ್ಟೇ ಎಂದುಕೊಂಡೆ.

ಮಂದಿ ಹೋದರು. ಜಮಖಾನೆ ಮಡಚುತ್ತಿದ್ದೆ. ಹಿಂದಿನಿಂದ ಇವರ ದನಿ ಬಂತು. ಹೂಂ ಅಲ್ಲ. ತುಟಿ ಒಂದು ಕಡೆಗೆ ಎಳೆದುಕೊಂಡು, ಒಂದೊಂದು ಅಕ್ಷರಕ್ಕೂ ಒದ್ದಾಡಿ ಹೇಳಿದರು.

"ಭಾ... ಭಾಳ... ಎಳದಿ."

ಹಾಡನ್ನು ಬಹಳ ಎಳೆದೆನಂತೆ!

ಮಾತು ಹೋದ ಮೇಲೆ ಬಾಯಿಂದ ಹೊರಟ ಮೊದಲ ಮಾತು ನನ್ನಲ್ಲಿ ಹುಳುಕು ತೆಗೆಯಲಿಕ್ಕೆ. "ಹೌದ್ರಿ, ನಿಮ್ಮ ಗಿರಣಿಗತೆ ಗರ್ರನೆ ಹಾಡಾಕ ನನಗ ಬರಂಗಿಲ್ಲ" ಎಂದು ಬೈದೆ. ಬೈಯುತ್ತಲೇ ಜಮಖಾನೆಯ ಮೇಲೆ ಕುಸಿದು ಕೂತು ಅತ್ತೆ. ಅವರು ಎಡಗೈ ಚಾಚಿ ನನ್ನ ತಲೆ ಮುಟ್ಟಲು ನೋಡಿದರು, ಎಟುಕಲಿಲ್ಲ. ನಾನೇ ಹತ್ತಿರ ಸರಿದು ಕೂತೆ.