ಹಡಗು ಬಿಡಲು ಅಪ್ಪಣೆ ಕೊಟ್ಟ ಚಕ್ರವರ್ತಿ

ಚಕ್ರವರ್ತಿಗಳ ಕಾಲದ ಚೀನಾಕ್ಕೆ ಹೊರದೇಶಗಳ ಸಂಪರ್ಕದಿಂದ ಲಾಭವೇ, ನಷ್ಟವೇ? ಬೆಳ್ತಂಗಡಿಯ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುವ ನನಗೆ ಈ ಪ್ರಶ್ನೆಗೆ ಗೈಡಿನ ಉತ್ತರ ಓದಿ ಓದಿ ತಲೆ ಕೆಟ್ಟಿತ್ತು. ಎಡಗಡೆ ಬೆಳ್ಳಿ, ಕುದುರೆ, ಹೊಸ ಧರ್ಮ, ಹೊಸ ಬೆಳೆ. ಬಲಗಡೆ ಕಡಲ್ಗಳ್ಳರು, ಅಫೀಮು, ಯುದ್ಧ. ನಡುವೆ ಒಂದು ಗೆರೆ. ಮನುಷ್ಯರೇ ಇಲ್ಲ!

ಹಾಗಿರುವಾಗ ಮಕ್ಕಳನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಲ್ಲಿನಲ್ಲಿ ಕೆತ್ತಿದ ಜಿರಾಫೆ ಉಂಟು, ಚೀನೀ ಡ್ರ್ಯಾಗನ್ ಉಂಟು. ಈ ಊರಿನ ಶಿಲ್ಪಿಗೆ ಅವುಗಳ ಸುದ್ದಿ ಕಡಲ ದಾರಿಯಲ್ಲದೆ ಇನ್ನೆಲ್ಲಿಂದ ಬರಬೇಕು? ನನಗೆ ಮೈ ಜುಮ್ಮೆಂದಿತು. ಚೀನಾದ ಕಥೆಯನ್ನೇ ತಾಳಮದ್ದಳೆ ಮಾಡಿಬಿಡುವುದೆಂದು ಅಲ್ಲೇ ನಿಶ್ಚಯಿಸಿದೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥ ಹೇಳುವವರು ಪಾತ್ರವೇ ಆಗಿ ಕುಳಿತಲ್ಲೇ ಮಾತು ಕಟ್ಟಿ ವಾದಿಸುತ್ತಾರೆ. ವಾದದಲ್ಲಿ ಯಾರು ಮೇಲಾದರೂ ಕಥೆ ಮಾತ್ರ ಮುಂದಿನ ಪದ್ಯ ಇದ್ದ ಹಾಗೆಯೇ ಸಾಗಬೇಕು. ಅದನ್ನು ಮೀರುವ ಹಾಗಿಲ್ಲ.

ಮಿಂಗ್ ಚಕ್ರವರ್ತಿ ದೊಡ್ಡ ಹಡಗುಗಳ ಯಾನವನ್ನೇ ನಿಲ್ಲಿಸಿದ ಕಥೆಗೆ ನಾನೇ ಪದ್ಯ ಹೊಸೆದೆ. ಚಕ್ರವರ್ತಿ ನಾನು. ಹಡಗುಗಳ ಸೇನಾಪತಿಯ ಪಾತ್ರಕ್ಕೆ ನನ್ನ ಮನಸ್ಸಿನಲ್ಲಿದ್ದದ್ದು ಒಬ್ಬರೇ: ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸ್ನೇಹಿತರು, ಕರಾವಳಿಯ ಬ್ಯಾರಿ ಮುಸಲ್ಮಾನರು. ವರ್ಷಗಟ್ಟಲೆ ಗಲ್ಫಿನಲ್ಲಿ ದುಡಿದು, ಅಲ್ಲಿನ ಕೋಣೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಸವೆಯುವಷ್ಟು ಕೇಳಿದವರು. ಊರಿಗೆ ಬಂದ ಮೇಲೆ ಪ್ರತಿ ಕೂಟದಲ್ಲೂ ಮುಂದಿನ ಸಾಲಿನಲ್ಲಿ ಹಾಜರು. ಆದರೆ ಒಮ್ಮೆಯೂ ಅರ್ಥ ಹೇಳಲು ಅವರನ್ನು ಯಾರೂ ಕರೆದಿರಲಿಲ್ಲ.

ನಾನು ಬಿಡುವಿನಲ್ಲಿ ಅರ್ಥ ಹೇಳುವ ತಂಡದ ಭಾಗವತರು ಲಾಯಿಲ ಊರಿನವರು, ಮಹಾ ಕಟ್ಟುನಿಟ್ಟು. "ಕೇಳುವುದು ಬೇರೆ, ಹೇಳುವುದು ಬೇರೆ ಮಾರಾಯ್ರೆ. ಒಂದು ಸಲ ನೋಡುವ. ಕೂಟ ಕೆಟ್ಟರೆ ಮತ್ತೆ ಅವರ ಸುದ್ದಿ ಎತ್ತಬಾರ್ದು" ಎಂದರು.

ಸ್ನೇಹಿತರಿಗೆ ಹೇಳಿದಾಗ ಅವರು ಅಳೆಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟರು. "ನಿಜ ಹೇಳ್ತೀರಾ ಮಾಷ್ಟ್ರೇ? ನಾನು ಸಾಯುವುದರೊಳಗೆ ಒಮ್ಮೆ ಆ ಜಾಗದಲ್ಲಿ ಕೂರ್ಬೇಕು ಅಂತ ಉಂಟು ನನಗೆ."

ಮೂಡುಬಿದಿರೆಯ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕೂಟ. ಸ್ನೇಹಿತರ ಮಗಳೂ ತೋಡಾರಿನ ಗಂಡನ ಮನೆಯಿಂದ ಬಂದು ಕುಳಿತಿದ್ದಳು. ಮೊದಲ ಪದ್ಯಕ್ಕೆ ಸ್ನೇಹಿತರು ಎರಡು ಮಾತು ಹೇಳಿ ತಡವರಿಸಿದರು. ಭಾಗವತರು ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಅವರಿಗೆ ಮಾತು ಹೊರಡಲೆಂದು ನಾನು ಬೇಕೆಂದೇ ಕೆಣಕಿದೆ: "ಸೇನಾಪತಿ, ನಿನ್ನ ಹಡಗಿಗೆಂದು ಕಾಡು ಬೋಳಾಯಿತು, ರೈತನ ಕಣಜ ಬರಿದಾಯಿತು. ಉತ್ತರದ ಗಡಿ ಕಾಯುವವರಿಗೆ ಅನ್ನವಿಲ್ಲ. ನನಗೆ ನೀನು ತಂದದ್ದಾದರೂ ಏನು? ಒಂದು ಉದ್ದ ಕತ್ತಿನ ಮೃಗ!"

ಅಷ್ಟೇ ಸಾಕಾಯಿತು. "ಪ್ರಭೂ, ಆ ಮೃಗವನ್ನು ನೋಡಲು ನೀವೇ ಅರಮನೆಯ ಬಾಗಿಲಿಗೆ ಓಡಿ ಬಂದಿರಲ್ಲ!" ಎಂದು ಅವರು ಶುರು ಮಾಡಿದರು. ಸಭೆ ಗೊಳ್ಳೆಂದಿತು. ನಮ್ಮ ಪಿಂಗಾಣಿ ಯಾವ ಯಾವ ಬಂದರಿನ ಮನೆಗಳಲ್ಲಿ ಉಂಟು, ನಮ್ಮ ಅಡುಗೆಯ ಕರಿಮೆಣಸು ಯಾರ ತೋಟದ್ದು, ಬುದ್ಧನ ಮಾತು ಯಾವ ಹೊರದೇಶದಿಂದ ನಡೆದು ಬಂತು, ಎಲ್ಲ ಹೇಳಿದರು! ಎಂಥ ಓಘ, ಎಂಥ ನಗೆಚಾಟಿಕೆ! ನನಗೆ ಖುಷಿ ತಡೆಯಲಾಗಲಿಲ್ಲ. ಪಾತ್ರ ಮರೆತು, ತೊಡೆ ತಟ್ಟಿ ಕೂಗಿಬಿಟ್ಟೆ: "ಭಲೇ ಸೇನಾಪತಿ! ಒಪ್ಪಿದೆ. ನಾಳೆಯೇ ಹಡಗು ಹೊರಡಲಿ!"

ಚಪ್ಪಾಳೆಯೋ ಚಪ್ಪಾಳೆ. ಮರುಕ್ಷಣ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಪದ್ಯ, ನಾನೇ ಹೊಸೆದದ್ದು, ಚಕ್ರವರ್ತಿ ಹಡಗುಗಳನ್ನು ನಿಲ್ಲಿಸುವ ಪದ್ಯ! ಭಾಗವತರು ಜಾಗಟೆ ಎತ್ತಿದವರು ಹಾಗೇ ಕುಳಿತರು. ಕೂಟ ಕೆಟ್ಟಿತು, ಕೆಡಿಸಿದವನು ನಾನು, ಅನುಭವಿಸುವವರು ಸ್ನೇಹಿತರು.

ಅವರು ಶಾಲು ಸರಿಪಡಿಸಿಕೊಂಡು ಮೆಲ್ಲನೆ ಮಾತು ತೆಗೆದರು. "ಅಪ್ಪಣೆ ಕೊಟ್ಟಿರಿ ಪ್ರಭೂ, ದೊಡ್ಡ ಮನಸ್ಸು. ಆದರೆ ಹೋಗಿ ಬಂದವನದ್ದೂ ಒಂದು ಮಾತುಂಟು. ಕಳೆದ ಸಲ ಹಡಗು ಇಳಿದಾಗ ಅರಮನೆಯವರು ನಾನು ತಂದದ್ದನ್ನೆಲ್ಲ ತೂಗಿ ನೋಡಿದರು. ಮನೆಗೆ ಹೋದೆ. ನನ್ನ ಮಗಳು ತಾಯಿಯ ಹಿಂದೆ ಅಡಗಿ ಕೇಳಿದಳು: ಅಮ್ಮಾ, ಈ ಮಾಮ ಯಾರು? ನಾನು ಮುದ್ದಿನಿಂದ ತಂದ ಗೊಂಬೆಯನ್ನೂ ಮುಟ್ಟಲಿಲ್ಲ. ಹಡಗಿನಿಂದ ದೇಶಕ್ಕೆ ಲಾಭ ಉಂಟು, ಇಲ್ಲ ಎನ್ನಲಾರೆ. ಆದರೆ ಇನ್ನೊಬ್ಬ ನಾವಿಕನ ಮಗಳು ಹಾಗೆ ಕೇಳುವುದು ಬೇಡ. ನಿಲ್ಲಿಸಿ ಪ್ರಭೂ. ಕೇಳುತ್ತಿರುವವನು ಸೇನಾಪತಿಯಲ್ಲ, ಒಬ್ಬ ತಂದೆ."

ನಾನು ಒಪ್ಪಿಗೆಯೆಂದು ಕೈ ಎತ್ತಿದೆ. ಭಾಗವತರ ಜಾಗಟೆ ಬಿತ್ತು, ಪದ್ಯ ಏರಿತು, ಹಡಗುಗಳು ನಿಂತವು. ಕಥೆ ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರಿತು!

ಮಂಗಳ ಹಾಡಿದ ಮೇಲೆ ಭಾಗವತರು ನನ್ನನ್ನು ಹತ್ತಿರ ಕರೆದರು. "ಪೊಳಲಿಯ ಕೂಟಕ್ಕೆ ಅವರು ಬರ್ಬೇಕು. ದೊಡ್ಡ ಪಾತ್ರವೇ ಕೊಡುವ. ಚಕ್ರವರ್ತಿಗೆ ಮಾತ್ರ ಬೇರೆ ಜನ ನೋಡುವ."

ನಾನು ನಗುತ್ತಾ ಓಡಿದೆ. ಸ್ನೇಹಿತರು ವೇದಿಕೆಯ ಮೆಟ್ಟಿಲ ಹತ್ತಿರ ಮಗಳ ಮುಂದೆ ನಿಂತಿದ್ದರು. ಅವಳ ಕೆನ್ನೆ ಒದ್ದೆಯಾಗಿತ್ತು. "ಉಪ್ಪಾ, ನಾನು ಆವತ್ತು ಕೇಳಿದ್ದು ನಿಮಗೆ ಇನ್ನೂ ನೆನಪುಂಟಾ?" ಎಂದಳು.

ಪೊಳಲಿಯ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡು ನಾನು ಸ್ವಲ್ಪ ದೂರ ನಿಂತೆ.